ಗ್ಯಾಸ್ ಓವನ್ನಾ, ಕರೆಂಟ್ ಓವನ್ನಾ? ಕನಕಪುರದ ಗೆಳತಿಗೆ ನನ್ನ ಉತ್ತರ

(1/5)
ಮೊದಲ ಫೋಟೋದಲ್ಲಿರೋದು ನಾನು ಮಾಡಿದ ಖಾರ ಬಿಸ್ಕತ್ತು. ನೋಡೋಕೆ ಚೆನ್ನಾಗೇ ಇದೆ ಅಲ್ವಾ? ಮುರಿಯೋಕೆ ಹೋದ್ರೆ ಮುರಿಯಲ್ಲ, ಬಾಗುತ್ತೆ. ಹೋದ ವರ್ಷ ಇಲ್ಲಿ ಲೆಸ್ಟರ್‌ನಲ್ಲಿ ನಾನಿದ್ದ ಬಾಡಿಗೆ ಮನೆಯ ಗ್ಯಾಸ್ ಓವನ್ನಿನಲ್ಲಿ ಮಾಡಿದ್ದು. ಪಕ್ಕಕ್ಕೆ ಸರಿಸಿ, ಎರಡನೇ ಫೋಟೋ ಈ ವರ್ಷದ್ದು. ಅದೇ ಅಳತೆ, ಅದೇ ಹಸಿಮೆಣಸಿನಕಾಯಿ, ಅದೇ ಕರಿಬೇವು. ಮನೆ ಬದಲಾಯ್ತು, ಓವನ್ ಕರೆಂಟಿನದ್ದಾಯ್ತು. ಕಟಕ್ ಅಂತ ಮುರೀತು.

ಈಗ ಇದನ್ನ ಯಾಕೆ ಬರೀತಿದೀನಿ ಅಂದ್ರೆ, ಡಿಗ್ರೀಲಿ ನನ್ನ ಪಕ್ಕ ಕೂರ್ತಿದ್ದ ಕನಕಪುರದವಳು (ಹೆಸರು ಹಾಕಬೇಡ ಅಂದಿದಾಳೆ) ಮದುವೆಯಾಗಿ ಮಾರ್ಚಲ್ಲಿ ಇಂಗ್ಲೆಂಡಿಗೆ ಬರ್ತಿದಾಳೆ. ಅವಳ ಯಜಮಾನ್ರು ಇಲ್ಲಿ ಹಳೇ ಮನೆಯೊಂದನ್ನ ಕೊಂಡು ಅಡುಗೆಮನೆ ಹೊಸದಾಗಿ ಮಾಡಿಸ್ತಿದಾರೆ. "ಓವನ್ ಗ್ಯಾಸಿಂದಾ ಕರೆಂಟಿಂದಾ, ನೀನೇ ಹೇಳೇ" ಅಂದ್ಲು. ಕ್ಲಾಸ್ ಗ್ರೂಪಲ್ಲಿ ಹಾಕಿದೆ, ಮೂರು ದಿನ ಜಗಳ. (ಸರ್ಕಾರ 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರಿಟ್ಟರೂ ನಮ್ಮ ಗ್ರೂಪಿನ ಹೆಸರು ಇನ್ನೂ ರಾಮನಗರವೇ.) ಮಾಗಡಿಯವನು "ಗ್ಯಾಸೇ ಕಣ್ರೋ, ನಮ್ಮ ಕೈಗೆ ಒಗ್ಗಿರೋದು ಅದೇ" ಅಂದ. ರಾಮನಗರದವಳು "ಮೊದ್ಲು ಬಿಲ್ ನೋಡ್ರೇ" ಅಂದ್ಲು.

ನನ್ನ ಮಾತು ಇಷ್ಟೇ. ಮೇಲಿನ ಒಲೆ ಯಾವುದಾದ್ರೂ ಇರಲಿ, ಓವನ್ ಮಾತ್ರ ಕರೆಂಟಿನದ್ದು ಹಾಕಿಸ್ಕೊ. ಎರಡೂ ಒಂದೇ ಇರಬೇಕು ಅಂತ ಕಾನೂನೇನಿಲ್ಲ. ಗ್ಯಾಸ್ ಒಲೆ, ಕೆಳಗೆ ಕರೆಂಟ್ ಓವನ್ ಅಂತ ಎಷ್ಟೋ ಮನೆಗಳಲ್ಲಿ ಇಟ್ಕೊಂಡಿದಾರೆ.

(2/5)
ಮಾಗಡಿಯವನ ಮಾತಿನಲ್ಲಿ ಒಂದು ತಪ್ಪಿದೆ. ನಮ್ಮ ಕೈಗೆ ಒಗ್ಗಿರೋ ಗ್ಯಾಸೇ ಬೇರೆ, ಇದೇ ಬೇರೆ. ಚನ್ನಪಟ್ಟಣದ ನಮ್ಮನೇಲಿ ಅಮ್ಮ ಕೇಕು ಮಾಡ್ತಿದ್ದಿದ್ದು ಕುಕ್ಕರಿನಲ್ಲಿ. ಗ್ಯಾಸ್ಕೆಟ್, ವಿಸಿಲ್ ಎರಡೂ ತೆಗೆದು, ತಳಕ್ಕೆ ಉಪ್ಪು ಹಾಕಿ, ಮೇಲೊಂದು ತಟ್ಟೆ, ಅದರ ಮೇಲೆ ಕೇಕಿನ ಪಾತ್ರೆ. ಅಲ್ಲಿ ಬೆಂಕಿ ಕುಕ್ಕರಿನ ಹೊರಗೆ. ಉರಿದ ಗ್ಯಾಸಿನ ಹೊಗೆ, ಹಬೆ ಯಾವುದೂ ಕೇಕನ್ನ ಮುಟ್ಟಲ್ಲ. ಇಲ್ಲಿನ ಗ್ಯಾಸ್ ಓವನ್ನಿನಲ್ಲಿ ಬೆಂಕಿ ಉರಿಯೋದೇ ಕೇಕು ಕೂತಿರೋ ಗೂಡಿನೊಳಗೆ.

ಪಿಯುಸಿ ಕೆಮಿಸ್ಟ್ರಿ ನೆನಪಿದ್ಯಾ? ಮೀಥೇನ್ ಉರಿದರೆ ಕಾರ್ಬನ್ ಡೈಆಕ್ಸೈಡ್ ಜೊತೆ ನೀರೂ ಹುಟ್ಟುತ್ತೆ. ಒಂದು ಯೂನಿಟ್ ಗ್ಯಾಸು ಉರಿದರೆ ಸುಮಾರು 150 ಮಿಲಿ ನೀರು. ಒಂದು ಗಂಟೆ ಓವನ್ ಹಚ್ಚಿದ್ರೆ ಹೆಚ್ಚುಕಮ್ಮಿ ಒಂದು ಲೋಟ ನೀರಿನ ಹಬೆ ನನ್ನ ಬಿಸ್ಕತ್ತಿನ ಸುತ್ತ ಸುತ್ತಾಡಿ ಹೊರಗೆ ಹೋಗುತ್ತೆ. ಬಾಗದೆ ಇನ್ನೇನು ಮಾಡುತ್ತೆ ಅದು!

ರಾಮನಗರದೋರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ. ರೇಷ್ಮೆ ಗೂಡಿನೊಳಗಿನ ಹುಳು ಸಾಯಿಸೋಕೆ ಹಬೆ ಕೊಟ್ರೆ ಗೂಡು ಒದ್ದೆ ಆಗುತ್ತೆ, ಮತ್ತೆ ಹರವಿ ಆರಿಸಬೇಕು. ಬಿಸಿಗಾಳಿ ಡ್ರೈಯರಿಗೆ ಹಾಕಿದ್ರೆ ಒಣಗಿಯೇ ಈಚೆ ಬರುತ್ತೆ. ಎರಡೂ ಬಿಸಿಯೇ, ಆದ್ರೆ ಕೆಲಸ ಬೇರೆ. ಅಯ್ಯಂಗಾರ್ ಬೇಕರಿಯ ಹಳೇ ಸೌದೆ ಓವನ್ ಕೂಡ ಒಣ ಕಾವಿನದ್ದೇ. ಮೊದಲು ಸೌದೆ ಉರಿಸಿ ಇಟ್ಟಿಗೆ ಕಾಯಿಸಿ, ಕೆಂಡ ಪಕ್ಕಕ್ಕೆ ತಳ್ಳಿ, ಆಮೇಲೆ ಟ್ರೇ ಒಳಗೆ. ಬನ್ನು, ಬ್ರೆಡ್ಡು ಮೊದಲು, ಕಾವು ಇಳೀತಾ ಇಳೀತಾ ಬಿಸ್ಕತ್ತು, ಕೊನೆಗೆ ರಸ್ಕು. ನಾವು ಚಿಕ್ಕೋರಿದ್ದಾಗಿಂದ ತಿಂದಿರೋ ಗರಿಗರಿ ಅಲ್ಲಿಂದ ಬಂದಿದ್ದು.

ಗ್ಯಾಸಿನ ಪರವಾಗಿ ಒಂದು ಮಾತು ಹೇಳಲೇಬೇಕು. ಬನ್ನು ನನಗೆ ಆ ಓವನ್ನಿನಲ್ಲೇ ಚೆನ್ನಾಗಿ ಬಂದಿದ್ದು. ಹಬೆ ಇದ್ರೆ ಮೇಲಿನ ಪದರ ಬೇಗ ಗಟ್ಟಿಯಾಗಲ್ಲ, ಉಬ್ಬೋಕೆ ಟೈಮ್ ಸಿಗುತ್ತೆ. ನೀನು ಬರೀ ಬ್ರೆಡ್ಡು ಮಾಡೋಳಾಗಿದ್ರೆ ನಾನು ಇಷ್ಟು ಬರೀತಿರ್ಲಿಲ್ಲ.

(3/5)
ಇದು ಬಿಸ್ಕತ್ತಿನ ವಿಷಯ ಅಲ್ಲ, ಸ್ವಲ್ಪ ಗಮನ ಇಟ್ಟು ಓದಿ.

ಹೋದ ಜನವರಿ. ಹೊರಗೆ ಮೈನಸ್ ಎರಡು. ಮನೇಲಿ ನಾಲ್ಕು ಜನ ಸ್ಟೂಡೆಂಟ್ಸು, ಹೀಟಿಂಗ್ ಬಿಲ್ ನೋಡಿ ಎಲ್ಲರಿಗೂ ಹೊಟ್ಟೆ ಉರಿ. ಕೇಕು ತೆಗೆದಾದ ಮೇಲೆ ಓವನ್ ಆರಿಸಲಿಲ್ಲ. ಬಾಗಿಲು ತೆಗೆದಿಟ್ಟು, ಅದರ ಮುಂದೆ ಕುರ್ಚಿ ಹಾಕ್ಕೊಂಡು ಕೂತ್ವಿ, ಊರಲ್ಲಿ ಚಳಿಗೆ ಸೌದೆ ಒಲೆ ಮುಂದೆ ಕೂತಂಗೆ. ಕಿಟಕಿ ಎಲ್ಲಾ ಬಂದ್. ಒಂದು ಗಂಟೆ ಆಗಿರಬೇಕು, ಒಬ್ಬಳಿಗೆ ತಲೆನೋವು, ನನಗೆ ವಾಕರಿಕೆ. ಇನ್ನೊಬ್ಬಳು ಎದ್ದು ಕಿಟಕಿ ತೆಗೆದಳು, ಓವನ್ ಆರಿಸಿದಳು. ಅರ್ಧ ಗಂಟೇಲಿ ಸರಿ ಹೋಯ್ತು. ಅದು ಕಾರ್ಬನ್ ಮಾನಾಕ್ಸೈಡೋ ಬರೀ ಉಸಿರುಗಟ್ಟಿದ್ದೋ, ಅಳೆಯೋಕೆ ನಮ್ಮತ್ರ ಏನೂ ಇರಲಿಲ್ಲ. ಅದೇ ಭಯ ಆಗಿದ್ದು. ಆ ಅನಿಲಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಅಮ್ಮನಿಗೆ ಇವತ್ತಿಗೂ ಹೇಳಿಲ್ಲ. (ಅಮ್ಮ, ಇದನ್ನ ಓದ್ತಿದ್ರೆ ಫೋನ್ ಮಾಡಬೇಡಮ್ಮ, ಈಗ ಮನೆ ಬೇರೆ.)

ಆಮೇಲೆ ತಿಳೀತು. ಇಂಗ್ಲೆಂಡಿನಲ್ಲಿ 2022ರ ಅಕ್ಟೋಬರ್ 1ರಿಂದ ಬಾಯ್ಲರ್, ಗ್ಯಾಸ್ ಹೀಟರ್ ಥರದ್ದು ಇರೋ ರೂಮಲ್ಲಿ ಮನೆ ಓನರು ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಾಕಿಸಲೇಬೇಕು. ಆದ್ರೆ ಆ ನಿಯಮದಲ್ಲಿ ಅಡುಗೆಯ ಗ್ಯಾಸ್ ಒಲೆ, ಓವನ್ನನ್ನ ಬಿಟ್ಟಿದಾರೆ! ಅಂದ್ರೆ ಅಡುಗೆಮನೆಗೆ ನೀವೇ ತಂದು ಇಟ್ಕೋಬೇಕು. ನಾವು ಮಾರನೇ ದಿನವೇ ತಂದ್ವಿ. ಗ್ಯಾಸ್ ಓವನ್ ಇರೋ ಬಾಡಿಗೆ ಮನೆಗೆ ಹೋಗೋ ಜೂನಿಯರ್‌ಗಳು ಮೊದಲ ವಾರದ ದಿನಸಿ ಲಿಸ್ಟಿನಲ್ಲೇ ಇದನ್ನ ಬರ್ಕೊಳಿ. ಅನುಮಾನ ಬಂದ್ರೆ ಹೊರಗೆ ಬಂದು 0800 111 999ಕ್ಕೆ ಫೋನ್ ಮಾಡಿ, ಗ್ಯಾಸ್ ತುರ್ತು ಸಂಖ್ಯೆ ಅದು. ಓವನ್ನಿಂದ ಮನೆ ಕಾಯಿಸೋ ಕೆಲಸವಂತೂ ಬೇಡವೇ ಬೇಡ.

ಸರಿಯಾಗಿ ಉರಿಯೋ ಬೆಂಕಿಯೂ ನೈಟ್ರೋಜನ್ ಡೈಆಕ್ಸೈಡ್ ಬಿಡುತ್ತೆ, ಆಸ್ತಮಾ ಇರೋರಿಗೆ ಅದು ಆಗಲ್ಲ. 2023ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಮನೆಗಳಲ್ಲೇ ಅಳೆದು, ಗ್ಯಾಸ್ ಒಲೆ, ಓವನ್ನುಗಳಿಂದ ಬೆಂಜೀನ್ ಕೂಡ ಬರುತ್ತೆ ಅಂತ ತೋರಿಸಿದ್ರು. ಊರಲ್ಲಿ ನಮ್ಮ ಅಡುಗೆಮನೆ ಕಿಟಕಿ ವರ್ಷ ಪೂರ್ತಿ ತೆಗೆದೇ ಇರುತ್ತೆ. ಇಲ್ಲಿ ಐದು ತಿಂಗಳು ಯಾರೂ ತೆಗೆಯಲ್ಲ.

(4/5)
ಬಿಲ್ಲಿನ ವಿಷಯಕ್ಕೆ ಬರೋಣ, ರಾಮನಗರದವಳು ಕಾಯ್ತಿದಾಳೆ. ಅವಳು ಹೇಳಿದ್ದು ನಿಜ, ಇಲ್ಲಿ ಕರೆಂಟು ಗ್ಯಾಸಿನ ಸುಮಾರು ನಾಲ್ಕರಷ್ಟು ರೇಟು. 2024ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಆಫ್‌ಜೆಮ್ ಇಟ್ಟಿದ್ದ ಮಿತಿ ಯೂನಿಟ್ಟಿಗೆ ಕರೆಂಟು 24.50 ಪೆನ್ಸ್, ಗ್ಯಾಸು 6.24 ಪೆನ್ಸ್. ಆದ್ರೆ ಲೆಕ್ಕ ಪೂರ್ತಿ ಮಾಡಿ. ಕರೆಂಟ್ ಓವನ್ ಒಂದು ಗಂಟೆಗೆ ಹೆಚ್ಚುಕಮ್ಮಿ ಒಂದು ಯೂನಿಟ್ ಎಳೆಯುತ್ತೆ. ಗ್ಯಾಸಿನದ್ದು ಒಂದೂವರೆಯಿಂದ ಎರಡು, ಯಾಕಂದ್ರೆ ಕಾವು ಹೊಗೆ ಜೊತೆ ಆಚೆ ಹೋಗ್ತಾನೇ ಇರುತ್ತೆ. ವ್ಯತ್ಯಾಸ ಒಂದು ಸಲಕ್ಕೆ ಸುಮಾರು 15 ಪೆನ್ಸ್. ವಾರಕ್ಕೆರಡು ಸಲ ಮಾಡಿದ್ರೂ ವರ್ಷಕ್ಕೆ 16 ಪೌಂಡ್ ದಾಟಲ್ಲ. ದಿನಾ ಮೂರು ಹೊತ್ತು ಉರಿಯೋ ಒಲೆಗಾದ್ರೆ ಈ ರೇಟಿನ ಮಾತು ಒಪ್ತೀನಿ, ವಾರಕ್ಕೆರಡು ಸಲದ ಓವನ್ನಿಗೆ ಒಪ್ಪಲ್ಲ.

ಗ್ಯಾಸ್ ಓವನ್ ಕೂರಿಸೋಕೆ ಗ್ಯಾಸ್ ಸೇಫ್ ರಿಜಿಸ್ಟರಿನಲ್ಲಿ ಹೆಸರಿರೋ ಇಂಜಿನಿಯರೇ ಬರಬೇಕು, ಅವರ ಚಾರ್ಜು ಬೇರೆ. ಕರೆಂಟಿನಲ್ಲಿ ಒಂದೇ ಗೂಡಿನ ಎಷ್ಟೋ ಓವನ್ನುಗಳು ಮಾಮೂಲಿ 13 ಆಂಪ್ಸ್ ಪ್ಲಗ್ಗಿಗೇ ಸಾಕು. ದೊಡ್ಡದಕ್ಕೆ ಬೇರೆ ವೈರು ಎಳೆಸಬೇಕು, ಕೊಳ್ಳೋಕೆ ಮುಂಚೆ ಕೇಳ್ಕೊ.

ನೀನು ಕೇಕು ಮಾರಬೇಕು ಅಂತಿದ್ಯಲ್ಲ, ಅದಕ್ಕೊಂದು ಮಾತು. ಶುರು ಮಾಡೋ 28 ದಿನ ಮೊದಲೇ ಕೌನ್ಸಿಲ್‌ನಲ್ಲಿ ರಿಜಿಸ್ಟರ್ ಮಾಡಿಸಬೇಕು. ನಿನ್ನ ವೀಸಾ ಷರತ್ತು ಓದ್ಕೊ. ನಮ್ಮ ಸ್ಟೂಡೆಂಟ್ ವೀಸಾದಲ್ಲಂತೂ ಸ್ವಂತ ವ್ಯಾಪಾರ ಮಾಡೋ ಹಂಗೇ ಇಲ್ಲ. "ಅಕ್ಕ, ಒಂದು ಕೇಕು ಮಾಡ್ಕೊಡಿ, ದುಡ್ಡು ಕಳಿಸ್ತೀನಿ" ಅಂತ ನನಗೆ ಮೆಸೇಜ್ ಹಾಕೋ ಲೆಸ್ಟರ್‌ನವರೇ, ಕ್ಷಮಿಸಿ. ಬಂದು ಸುಮ್ನೆ ತಿಂದು ಹೋಗಿ.

(5/5)
ಅಂಗಡೀಲಿ ನೋಡಬೇಕಾದ್ದು ಒಂದೇ. ಫ್ಯಾನೂ ಇರಬೇಕು, ಫ್ಯಾನ್ ಇಲ್ಲದೆ ಮೇಲೆ ಕೆಳಗೆ ಕಾಯೋ ಸೆಟ್ಟಿಂಗೂ ಇರಬೇಕು. ಬಿಸ್ಕತ್ತಿಗೆ ಫ್ಯಾನು. ನಮ್ಮ ಮೊಟ್ಟೆ ಹಾಕದ ಮೊಸರಿನ ಕೇಕಿಗೆ ಫ್ಯಾನ್ ಬೇಡ, ಮೇಲೆ ಬೇಗ ಒಣಗಿ ಬಿರುಕು ಬಿಡುತ್ತೆ. ಪುಸ್ತಕದಲ್ಲಿ 180 ಡಿಗ್ರಿ ಅಂದಿದ್ರೆ ಫ್ಯಾನಿಗೆ 160 ಇಡು. ಗ್ಯಾಸ್ ಓವನ್ ಇರೋ ಬಾಡಿಗೆ ಮನೇಲೇ ಸಿಕ್ಕಾಕ್ಕೊಂಡಿರೋರಿಗೆ: ಗುಂಡಿ ಮೇಲೆ ಡಿಗ್ರಿ ಇರಲ್ಲ, ನಂಬರ್ ಇರುತ್ತೆ, 4 ಅಂದ್ರೆ 180. ಮೇಲಿನ ರ್ಯಾಕ್ ಜಾಸ್ತಿ ಬಿಸಿ, ಕೆಳಗಿಂದು ಕಮ್ಮಿ, ಕೇಕು ನಡುವೆ ಇಡಿ. ಅಷ್ಟಕ್ಕೇ ಹೊಸ ಓವನ್ ತಗೋಬೇಡಿ, ಅಲಾರಂ ತಗೊಳಿ. ಮೆಲ್ಬರ್ನ್‌ಗೆ ಹೋಗೋರಿಗೆ ಜಗಳವೇ ಇಲ್ಲ, ವಿಕ್ಟೋರಿಯಾದಲ್ಲಿ 2024ರ ಜನವರಿ 1ರಿಂದ ಪ್ಲಾನಿಂಗ್ ಪರ್ಮಿಟ್ ಬೇಕಾದ ಹೊಸ ಮನೆಗಳಿಗೆ ಗ್ಯಾಸ್ ಲೈನೇ ಕೊಡಲ್ಲ.

ಊರಲ್ಲೇ ಇರೋರು ಕೇಳ್ತಿದ್ರಿ, ಓಟಿಜಿ ತಗೋಬೇಕಾ ಅಂತ. ಗೃಹಜ್ಯೋತಿ ಇದ್ಯಲ್ಲ ಅಂತ ನೆಗೀಬೇಡಿ. ಎಲ್ಲರಿಗೂ 200 ಯೂನಿಟ್ ಫ್ರೀ ಅಲ್ಲ, ನಿಮ್ಮನೆ ಹಳೇ ಸರಾಸರಿಗಿಂತ ಸ್ವಲ್ಪ ಜಾಸ್ತಿವರೆಗೆ ಮಾತ್ರ. ಕೇಕು ಅರ್ಧ ಬೆಂದಾಗ ಕರೆಂಟು ಹೋಗಿ ಕುಸಿದು ಕೂರೋದನ್ನ ನಮ್ಮನೇಲಿ ಎರಡು ಸಲ ನೋಡಿದೀನಿ. ಯುಪಿಎಸ್ ಮೇಲೆ ಓಟಿಜಿ ಓಡಿಸೋಕಾಗಲ್ಲ. ತಿಂಗಳಿಗೊಂದು ಕೇಕಿಗೆ ಅಮ್ಮನ ಕುಕ್ಕರೇ ಸಾಕು, ಬಿಸ್ಕತ್ತು ಆರ್ಡರ್ ತಗೊಳ್ಳೋರು ಓಟಿಜಿ ಕೊಳ್ಳಿ.

ಕನಕಪುರದವಳೇ, ನಿಮ್ಮ ಯಜಮಾನ್ರಿಗೆ ಇವತ್ತೇ ಹೇಳು, ಅಡುಗೆಮನೆಯೋರು ಗ್ಯಾಸ್ ಪೈಪು ಎಳೆಯೋದಕ್ಕೆ ಮುಂಚೆ. ಬರುವಾಗ ಮನೇಲಿ ಪುಡಿ ಮಾಡಿದ ಒಣಮೆಣಸು ಅರ್ಧ ಕೆಜಿ ತಗೊಂಬಾ. ಇಲ್ಲಿಯದಕ್ಕೆ ಖಾರವೇ ಇಲ್ಲ.