ಬಣ್ಣ ನೋಡಿ ಟಕೀಲಾ ಹಳೆಯದು ಅನ್ನಬೇಡಿ

ನಮ್ಮ ಹೊಲದ ಬೇಲಿಯ ಕತ್ತಾಳೆ ಗೊತ್ತಲ್ಲ, ಅದರ ಕುಲದ್ದೇ ನೀಲಿ ಅಗಾವೆ. ಮೆಕ್ಸಿಕೋದವರು ಟಕೀಲಾ ಮಾಡುವುದು ಇದರಿಂದ. ಗಿಡ ಬಲಿಯಲು ಆರೇಳು ವರ್ಷ ಬೇಕು. ಇಳಿಸಿದ ಮದ್ಯವನ್ನು ಓಕ್ ಪೀಪಾಯಿಯಲ್ಲಿ ಕನಿಷ್ಠ 1 ವರ್ಷ ಇಟ್ಟರೆ ‘ಅನ್ಯೇಹೊ’, 3 ವರ್ಷ ಇಟ್ಟರೆ ‘ಎಕ್ಸ್‌ಟ್ರಾ ಅನ್ಯೇಹೊ’.

ಬಂಗಾರದ ಬಣ್ಣ ಮರದಿಂದ ಬರುತ್ತದೆ, ನಿಜ. ಆದರೆ ಕ್ಯಾರಮೆಲ್, ಓಕ್ ಸಾರ, ಗ್ಲಿಸರಿನ್, ಸಕ್ಕರೆ ಪಾಕವನ್ನು ಶೇ 1ರವರೆಗೆ ಲೇಬಲ್‌ನಲ್ಲಿ ಹೇಳದೆಯೇ ಬೆರೆಸಲು ಅಲ್ಲಿನ ನಿಯಮವೇ ಬಿಡುತ್ತದೆ!

ಹಾಗಾಗಿ ಬಲ್ಲವರು ಮೊದಲು ಮೂಸುತ್ತಾರೆ. ಮರದ ಘಮದ ಅಡಿಯಲ್ಲಿ ಬೆಂದ ಅಗಾವೆಯ ವಾಸನೆ ಉಳಿದಿರಬೇಕು. ಬರೀ ವೆನಿಲಾ ಕೇಕಿನ ವಾಸನೆ ಬಂದರೆ ಅನುಮಾನ. ಎರಡು ಹನಿ ಅಂಗೈಗೆ ಉಜ್ಜಿ, ಒಣಗಿದ ಮೇಲೆ ಅಂಟುತ್ತದಾ ಅಂತ ನೋಡುವವರೂ ಇದ್ದಾರೆ.

ಇಷ್ಟೆಲ್ಲ ಪತ್ತೇದಾರಿ ಕೊಂಡವನ ತಲೆಗೇಕೆ? ಹತ್ತು ರೂಪಾಯಿಯ ಬಿಸ್ಕತ್ ಪೊಟ್ಟಣದ ಮೇಲೂ ಬೆರೆಸಿದ್ದೆಲ್ಲ ಬರೆದಿರುತ್ತದೆ. ಸಾವಿರಾರು ರೂಪಾಯಿಯ ಬಾಟಲಿಗೆ ಯಾಕೆ ಬೇಡ?