ಹಿಂದುಳಿದವಳಿಗೆ ಐದು ವರ್ಷ

ವಿಡಿಯೋ ಗೇಮ್ ಎಂದೊಡನೆ ಹಿರಿಯರಾದ ನಾವು ಮೂಗು ಮುರಿಯುತ್ತೇವೆ. ಎಲ್ಲವೂ ಹೊಡಿ-ಬಡಿ, ಎಲ್ಲವೂ ಕಾಲಹರಣವೆಂಬ ತೀರ್ಪು ನಮ್ಮಲ್ಲಿ ಸಿದ್ಧವಾಗಿರುತ್ತದೆ. ಆದರೆ ಜಪಾನಿನ ಗಸ್ಟ್ ಕಂಪೆನಿ 1997ರಲ್ಲಿ ಹೊರತಂದ 'ಅಟೆಲಿಯೇ ಮೇರಿ'ಯನ್ನು ನೋಡಿ. ರಸವಿದ್ಯೆಯ ಶಾಲೆಯಲ್ಲಿ ಎಲ್ಲರಿಗಿಂತ ಹಿಂದುಳಿದವಳು ಮೇರಿ. ಗುರು ಅವಳನ್ನು ಹೊರಗಟ್ಟುವುದಿಲ್ಲ. ಒಂದು ಕಾರ್ಯಾಗಾರ ಕೊಟ್ಟು, ಐದು ವರ್ಷದೊಳಗೆ ಮೆಚ್ಚುವಂಥದ್ದೇನಾದರೂ ತಯಾರಿಸಿ ತಾ ಎನ್ನುತ್ತಾಳೆ. ಸಾಮಗ್ರಿ ಹುಡುಕಿ ತಂದು ಬೆರೆಸಬೇಕು, ಕೆಟ್ಟರೆ ಮತ್ತೆ ಮಾಡಬೇಕು. ಕಾಳಗವೂ ಇದೆ; ಅಲ್ಲಿ ತನ್ನ ಸರದಿಗೆ ಕಾದು, ಯೋಚಿಸಿ ಹೆಜ್ಜೆಯಿಡಬೇಕು. 2023ರ ಹೊಸ ರೂಪದಲ್ಲಂತೂ ಗಡುವಿಲ್ಲದೆಯೂ ಆಡಬಹುದು.

ನಾವಾದರೋ ಒಂದು ಪರೀಕ್ಷೆಯಲ್ಲಿ ಸೋತ ಮಗುವಿಗೆ ಮರುದಿನವೇ 'ದಡ್ಡ'ನೆಂಬ ಪಟ್ಟ ಕಟ್ಟುತ್ತೇವೆ. ಆಟ ಮಕ್ಕಳನ್ನು ಕೆಡಿಸುತ್ತಿದೆಯೆಂದು ದೂರುವ ಮೊದಲು, ಆ ಗುರುವಿಗಿರುವಷ್ಟು ತಾಳ್ಮೆ ನಮಗಿದೆಯೇ ಎಂದು ಕೇಳಿಕೊಳ್ಳಬೇಡವೇ?