‘ಸಾಧ್ಯತೆ ಇದೆ’ ಅಂದರೆ ಎಷ್ಟು?

1951ರ ಮಾರ್ಚ್‌ನಲ್ಲಿ ಅಮೆರಿಕದ ಸಿಐಎ ತನ್ನ ಸರ್ಕಾರಕ್ಕೆ ಒಂದು ಅಂದಾಜು ವರದಿ ಕೊಟ್ಟಿತು. ಸೋವಿಯತ್ ಬಣ ಆ ವರ್ಷ ಯುಗೊಸ್ಲಾವಿಯದ ಮೇಲೆ ದಾಳಿ ಮಾಡುತ್ತದೆಯೇ ಎಂಬುದು ಪ್ರಶ್ನೆ. ದಾಳಿಯನ್ನು ‘ಸೀರಿಯಸ್ ಪಾಸಿಬಿಲಿಟಿ’ ಎಂದು ಪರಿಗಣಿಸಬೇಕು ಎಂಬುದು ವರದಿಯ ಉತ್ತರ. ಹಾಗಂದರೆ ಎಷ್ಟು ಎಂದು ವಿದೇಶಾಂಗ ಇಲಾಖೆಯ ಅಧಿಕಾರಿಯೊಬ್ಬರು ಶರ್ಮನ್ ಕೆಂಟ್ ಅವರನ್ನು ಕೇಳಿದರು. ಯೇಲ್ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಕಲಿಸುತ್ತಿದ್ದು ಗುಪ್ತಚರ ಕೆಲಸಕ್ಕೆ ಬಂದಿದ್ದ ಕೆಂಟ್, ನೂರಕ್ಕೆ 65ರಷ್ಟು ಎಂದರು. ಅಧಿಕಾರಿ ಬೆಚ್ಚಿಬಿದ್ದರು. ಅವರು ಅದಕ್ಕಿಂತ ಎಷ್ಟೋ ಕಡಿಮೆ ಎಂದು ತಿಳಿದಿದ್ದರು. ಕೆಂಟ್ ತಮ್ಮ ಸಹೋದ್ಯೋಗಿಗಳನ್ನೂ ವಿಚಾರಿಸಿದರು. ಒಬ್ಬರ ಲೆಕ್ಕ 20 ಇದ್ದರೆ ಮತ್ತೊಬ್ಬರದು 80. ಅವರೆಲ್ಲ ಒಟ್ಟಿಗೆ ಕೂತು, ಒಪ್ಪಿ ಬರೆದ ವಾಕ್ಯ ಅದು.

ಈ ಪ್ರಸಂಗವನ್ನು ಕೆಂಟ್ 1964ರ ತಮ್ಮ ಪ್ರಬಂಧದಲ್ಲಿ ದಾಖಲಿಸಿ, ಪರಿಹಾರವನ್ನೂ ಸೂಚಿಸಿದರು. ‘ಆಲ್‌ಮೋಸ್ಟ್ ಸರ್ಟನ್’ ಅಂದರೆ ಸುಮಾರು 93, ‘ಪ್ರಾಬಬಲ್’ ಅಂದರೆ ಸುಮಾರು 75, ‘ಪ್ರಾಬಬ್ಲಿ ನಾಟ್’ ಅಂದರೆ ಸುಮಾರು 30. ಹೀಗೆ ಪದಕ್ಕೊಂದು ಅಂಕಿ ಕಟ್ಟಬೇಕು ಎಂಬುದು ಅವರ ವಾದ. ಅಂಕಿ ಕಟ್ಟದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ 1961ರ ಕ್ಯೂಬಾ ದಂಡಯಾತ್ರೆ ಸಾಕ್ಷಿ. ಯೋಜನೆಯನ್ನು ಪರಿಶೀಲಿಸಿದ ಅಮೆರಿಕದ ಸೇನಾ ಮುಖ್ಯಸ್ಥರು ಗೆಲುವಿಗೆ ‘ಫೇರ್ ಚಾನ್ಸ್’ ಇದೆ ಎಂದು ಬರೆದಿದ್ದರು. ಬರೆದವರ ಮನಸ್ಸಿನಲ್ಲಿದ್ದದ್ದು ನೂರಕ್ಕೆ ಸುಮಾರು 30. ಆ ಅಂಕಿ ಕಾಗದದ ಮೇಲೆ ಬರಲೇ ಇಲ್ಲ. ಬೇ ಆಫ್ ಪಿಗ್ಸ್‌ನಲ್ಲಿ ಇಳಿದ ಪಡೆ ಕೆಲವೇ ದಿನಗಳಲ್ಲಿ ಸೋತು ಸೆರೆಯಾಯಿತು.

ಇಂಗ್ಲಿಷಿನಲ್ಲಿ ಸಂಭವದ ತೂಕ ಸಹಾಯಕ ಕ್ರಿಯಾಪದ ಒಂದರಲ್ಲೇ ಇರುವುದಿಲ್ಲ, ಅದರ ಪಕ್ಕದ ಕ್ರಿಯಾವಿಶೇಷಣದಲ್ಲೂ ಇರುತ್ತದೆ. ‘ಇಟ್ ಮೇ ರೇನ್’ ಅಂದರೆ ಮಳೆ ಬರಬಹುದು, ಬಾರದೆಯೂ ಇರಬಹುದು. ನಡುವೆ ‘ವೆಲ್’ ಸೇರಿಸಿ ‘ಇಟ್ ಮೇ ವೆಲ್ ರೇನ್’ ಅಂದರೆ ಕೊಡೆ ಹಿಡಿದು ಹೊರಡುವುದೇ ಮೇಲು. ‘ಮೈಟ್ ಪಾಸಿಬ್ಲಿ’ ಅಂದರೆ ಹೇಳುವವರಿಗೇ ನಂಬಿಕೆ ಕಡಿಮೆ. ‘ವಿಲ್ ಪ್ರಾಬಬ್ಲಿ’ಯಲ್ಲಿ ‘ವಿಲ್’ನ ಖಚಿತತೆಯನ್ನು ‘ಪ್ರಾಬಬ್ಲಿ’ ಒಂದು ಮೆಟ್ಟಿಲು ಇಳಿಸುತ್ತದೆ. ‘ಪಾಸಿಬ್ಲಿ’ಯ ನಡೆಯಂತೂ ವಿಚಿತ್ರ. ‘ಮೇ’ ಜೊತೆಗಿದ್ದಾಗ ಅದು ಸಂಶಯದ ಗುರುತು. ‘ಕಾಂಟ್’ ಜೊತೆ ಸೇರಿದರೆ ಎಲ್ಲ ಸಂಶಯವನ್ನೂ ಅಳಿಸಿ, ಸುತಾರಾಂ ಆಗದು ಎನ್ನುತ್ತದೆ. ‘ಕುಡ್ ಯು ಪಾಸಿಬ್ಲಿ’ ಎಂದು ಪ್ರಶ್ನೆಗೆ ಬಂದರೆ ಬರೀ ವಿನಯ.

ಭಾಷಾವಿಜ್ಞಾನಿ ಮೈಕೆಲ್ ಹ್ಯಾಲಿಡೆ 1970ರಲ್ಲೇ ಈ ಜೋಡಿಗಳನ್ನು ಬಿಡಿಸಿ ನೋಡಿದ್ದರು. ‘ಪರ್‌ಹ್ಯಾಪ್ಸ್’ ಮತ್ತು ‘ಮೈಟ್’ ಒಂದೇ ವಾಕ್ಯದಲ್ಲಿ ಬಂದರೆ ಸಂಶಯ ಎರಡು ಪಟ್ಟಾಗುವುದಿಲ್ಲ. ಅವು ಒಂದನ್ನೊಂದು ಪುಷ್ಟಿಗೊಳಿಸುತ್ತವೆ, ಅಷ್ಟೇ. ಆದರೆ ‘ಸರ್ಟನ್ಲಿ’ ಮತ್ತು ‘ಮೈಟ್’ ಜೊತೆಯಾದರೆ ಎರಡು ಬೇರೆ ತೂಕಗಳು ಕೂಡಿಕೊಳ್ಳುತ್ತವೆ. ಸಾಧ್ಯವಿದೆ ಎಂಬುದು ಮಾತ್ರ ಖಚಿತ, ನಡೆಯಿತು ಎಂಬುದಲ್ಲ. ಪೊಲೀಸ್ ತನಿಖೆಯ ಸುದ್ದಿ ಬರೆಯುವವರಿಗೆ ಈ ವ್ಯತ್ಯಾಸ ಗೊತ್ತಿರಲೇಬೇಕು. ಒಬ್ಬ ಮನುಷ್ಯನ ಮಾನ ಅದರ ಮೇಲೆ ನಿಂತಿರುತ್ತದೆ.

ನಮ್ಮ ತರಗತಿಗಳಲ್ಲಿ ಇದು ಎಷ್ಟು ದಾಟುತ್ತಿದೆ? ‘ಕ್ಯಾನ್’ ಅಂದರೆ ಸಾಧ್ಯ, ‘ಮೇ’ ಅಂದರೆ ಬಹುದು, ‘ಮೈಟ್’ ಅಂದರೆ ಬಹುದಿತ್ತು ಎಂದು ಕಂಠಪಾಠ ಮಾಡಿಸುವುದು ಹಳೆಯ ರೂಢಿ. ‘ಮೇ’ಯ ಭೂತಕಾಲ ‘ಮೈಟ್’ ಎಂಬ ವ್ಯಾಕರಣದ ಪಟ್ಟಿಯಿಂದ ಹುಟ್ಟಿದ ಅರ್ಥ ಇದು. ‘ಇಟ್ ಮೈಟ್ ರೇನ್ ಟುಮಾರೊ’ ಎಂಬುದು ನಾಳೆಯ ಮಾತು. ‘ಬರಬಹುದಿತ್ತು’ ಎಂಬುದು ಬಾರದೇ ಹೋದ ಮಳೆಯ ಮಾತು. ಕ್ರಿಯಾವಿಶೇಷಣದ ಪಾಠ ಬೇರೆಯೇ ಅಧ್ಯಾಯದಲ್ಲಿರುವುದರಿಂದ, ಇವೆರಡೂ ಕೂಡಿದಾಗ ಏನಾಗುತ್ತದೆ ಎಂದು ಹೇಳುವವರೇ ಇರುವುದಿಲ್ಲ. ಮಕ್ಕಳು ಹತ್ತು ವರ್ಷ ಇಂಗ್ಲಿಷ್ ಕಲಿತರೂ ‘ಮೇ ವೆಲ್’ ಎದುರಾದಾಗ ‘ವೆಲ್’ಗೆ ‘ಚೆನ್ನಾಗಿ’ ಎಂಬ ಅರ್ಥವನ್ನೇ ಹುಡುಕುತ್ತಾರೆ.

ವಿಜ್ಞಾನದ ಸುದ್ದಿಯಲ್ಲಿ ನಷ್ಟ ಇನ್ನೂ ದೊಡ್ಡದು. ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿ ಐಪಿಸಿಸಿಯ ವರದಿಗಳನ್ನೇ ನೋಡಿ. ಭೂಮಿ ಬಿಸಿಯಾಗಲು ಮನುಷ್ಯ ಕಾರಣವೇ ಎಂಬ ಪ್ರಶ್ನೆಗೆ 2001ರ ವರದಿ ‘ಲೈಕ್ಲಿ’ ಎಂದಿತು. ಸಮಿತಿಯ ಅಳತೆಯಲ್ಲಿ ಅದು ಶೇ 66ಕ್ಕಿಂತ ಹೆಚ್ಚು. 2007ರಲ್ಲಿ ‘ವೆರಿ ಲೈಕ್ಲಿ’, ಅಂದರೆ ಶೇ 90ಕ್ಕಿಂತ ಹೆಚ್ಚು. 2013ರಲ್ಲಿ ‘ಎಕ್ಸ್‌ಟ್ರೀಮ್ಲಿ ಲೈಕ್ಲಿ’, ಶೇ 95ಕ್ಕಿಂತ ಹೆಚ್ಚು. 2021ರಲ್ಲಿ ಈ ಮೆಟ್ಟಿಲುಗಳನ್ನೇ ಬಿಟ್ಟು, ಇದು ನಿಸ್ಸಂದೇಹ ಎಂದು ಸಾರಿತು. ಇಪ್ಪತ್ತು ವರ್ಷಗಳ ಅಳತೆ, ಲೆಕ್ಕ, ವಾದವಿವಾದಗಳೆಲ್ಲ ಆ ಒಂದೊಂದು ವಿಶೇಷಣದ ಬದಲಾವಣೆಯಲ್ಲಿ ಅಡಗಿವೆ. ಮೊದಲ ಮೂರನ್ನೂ ‘ಸಾಧ್ಯತೆ ಇದೆ’ ಎಂದೇ ಅನುವಾದಿಸಿದರೆ ಕನ್ನಡದ ಓದುಗರಿಗೆ ವಿಜ್ಞಾನ ನಿಂತಲ್ಲೇ ನಿಂತಂತೆ ಕಾಣುತ್ತದೆ.

ಇಂಗ್ಲಿಷ್ ಓದುಗರು ಇದನ್ನೆಲ್ಲ ಸರಿಯಾಗಿ ಗ್ರಹಿಸುತ್ತಾರೆ ಎಂದೂ ಅಲ್ಲ. ಡೇವಿಡ್ ಬುಡೆಸ್ಕು ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಐಪಿಸಿಸಿ ವಾಕ್ಯಗಳನ್ನು ಓದಿದವರು ‘ವೆರಿ ಲೈಕ್ಲಿ’ಗೆ ಸಮಿತಿ ಉದ್ದೇಶಿಸಿದ್ದಕ್ಕಿಂತ ಕಡಿಮೆ ಬೆಲೆ ಕಟ್ಟಿದ್ದರು. ಪದದ ಪಕ್ಕದಲ್ಲೇ ಅಂಕಿಯನ್ನೂ ಕೊಟ್ಟಾಗ ಗ್ರಹಿಕೆ ಸುಧಾರಿಸಿತು.

ಅಂಕಿಯ ಅಗತ್ಯಕ್ಕೆ ಇನ್ನೊಂದು ಕಾರಣವೂ ಇದೆ. ಐಪಿಸಿಸಿಯ ‘ಲೈಕ್ಲಿ’ ಶೇ 66ರಿಂದ ಶುರುವಾಗುತ್ತದೆ. ಅಮೆರಿಕದ ಗುಪ್ತಚರ ಸಂಸ್ಥೆಗಳು ಈಗ ಪಾಲಿಸುವ ಮಾನದಂಡದಲ್ಲಿ ಅದೇ ಪದ 55ರಿಂದ 80. ಭಾರತೀಯ ಹವಾಮಾನ ಇಲಾಖೆಯ ಬುಲೆಟಿನ್‌ನಲ್ಲಿ 25ರಿಂದ 50! ಅಲ್ಲಿ ‘ವೆರಿ ಲೈಕ್ಲಿ’ ಅಂದರೆ 50ರಿಂದ 75, ‘ಮೋಸ್ಟ್ ಲೈಕ್ಲಿ’ ಅಂದರೆ 75ಕ್ಕಿಂತ ಹೆಚ್ಚು. ಈ ಪಟ್ಟಿಯನ್ನು ಇಲಾಖೆ ಬುಲೆಟಿನ್ ಜೊತೆಗೇ ಕೊಡುತ್ತದೆ. ಪತ್ರಿಕೆಗೆ ಬರುವ ಹೊತ್ತಿಗೆ ಮೂರೂ ಕರಗಿ ‘ಭಾರಿ ಮಳೆ ಸಾಧ್ಯತೆ’ ಎಂಬ ಒಂದೇ ಶೀರ್ಷಿಕೆ ಉಳಿಯುತ್ತದೆ.

ಕನ್ನಡಕ್ಕೆ ಶಕ್ತಿ ಸಾಲದು ಎಂಬ ನೆಪ ಇಲ್ಲಿ ನಡೆಯುವುದಿಲ್ಲ. ಮಳೆಯ ಹರವನ್ನು ಹೇಳುವಾಗ ಇದೇ ಕನ್ನಡ ಎಷ್ಟು ನಿಖರವಾಗಿದೆ! ‘ಕರಾವಳಿಯ ಬಹುತೇಕ ಕಡೆಗಳಲ್ಲಿ, ಉತ್ತರ ಒಳನಾಡಿನ ಒಂದೆರಡು ಕಡೆಗಳಲ್ಲಿ’ ಎಂಬ ಮಾತು ರೇಡಿಯೊ ಕೇಳಿ ಬೆಳೆದವರಿಗೆಲ್ಲ ಬಾಯಿಪಾಠ. ಬಹುತೇಕ ಕಡೆ, ಹಲವು ಕಡೆ, ಕೆಲವು ಕಡೆ, ಒಂದೆರಡು ಕಡೆ ಎಂಬ ನಾಲ್ಕು ಮೆಟ್ಟಿಲುಗಳನ್ನು ಯಾರೋ ಶ್ರದ್ಧೆಯಿಂದ ರೂಪಿಸಿ ಬಳಕೆಗೆ ತಂದಿದ್ದಾರೆ. ಸಂಭವದ ವಿಷಯದಲ್ಲೂ ನಮ್ಮ ಆಡುಮಾತು ಬಡವಾಗಿಲ್ಲ. ‘ಬಂದೀತು’ ಎಂಬ ಸಂಭಾವನಾರ್ಥಕ ರೂಪ ವ್ಯಾಕರಣದಲ್ಲೂ ಇದೆ, ನಾಲಿಗೆಯ ಮೇಲೂ ಇದೆ. ಬಂದರೂ ಬಂದೀತು, ಬರಬಹುದೇನೋ, ಬರಬಹುದು, ಬರುವ ಹಾಗಿದೆ, ಬಹುಮಟ್ಟಿಗೆ ಬರುತ್ತದೆ, ಬಂದೇ ಬರುತ್ತದೆ. ಅತ್ತ ಕಡೆ ಬರಲಿಕ್ಕಿಲ್ಲ, ಬರಲಾರದು. ಕಿವಿಗೊಟ್ಟು ಕೇಳಿದರೆ ಒಂದೊಂದಕ್ಕೂ ಬೇರೆಯೇ ತೂಕ. ಸುದ್ದಿಮನೆಯ ಬರವಣಿಗೆ ಮಾತ್ರ ಇವನ್ನೆಲ್ಲ ಬದಿಗಿಟ್ಟು ‘ಸಾಧ್ಯತೆ’ ಎಂಬ ಒಂದೇ ನಾಮಪದಕ್ಕೆ ಜೋತುಬಿದ್ದಿದೆ.

ಆದ್ದರಿಂದ ಸುದ್ದಿಮನೆಗಳು ಸಂಭವದ ಪದಗಳಿಗೆ ಒಂದು ಒಪ್ಪಿತ ಪಟ್ಟಿ ಮಾಡಿಕೊಳ್ಳಬೇಕು. ಹವಾಮಾನ ಸುದ್ದಿಯಿಂದಲೇ ಶುರು ಮಾಡಬಹುದು. ಇಲಾಖೆಯ ‘ಲೈಕ್ಲಿ’ಗೆ ‘ಬಂದೀತು’, ‘ವೆರಿ ಲೈಕ್ಲಿ’ಗೆ ‘ಬರುವ ಸಂಭವ ಹೆಚ್ಚು’, ‘ಮೋಸ್ಟ್ ಲೈಕ್ಲಿ’ಗೆ ‘ಬರುವುದು ಬಹುಮಟ್ಟಿಗೆ ಖಚಿತ’ ಎಂದಿಟ್ಟುಕೊಂಡು, ಪಕ್ಕದಲ್ಲಿ ಶೇಕಡಾ ಅಂಕಿಯನ್ನೂ ಅಚ್ಚು ಮಾಡಬೇಕು. ಪದಗಳು ಇವೇ ಆಗಬೇಕೆಂದಿಲ್ಲ, ಆದರೆ ದಿನಕ್ಕೊಂದು ಬದಲಾಗಬಾರದು.

ಶೇಕಡಾ ಅಂಕಿ ಓದುಗರಿಗೆ ಭಾರವಾಗುತ್ತದೆ ಎಂಬ ಆಕ್ಷೇಪವನ್ನು ಒಪ್ಪುವುದು ಕಷ್ಟ. ಚುನಾವಣೆಯ ಮತಪ್ರಮಾಣವನ್ನೂ ಪರೀಕ್ಷಾ ಫಲಿತಾಂಶವನ್ನೂ ಜನ ಶೇಕಡಾ ಲೆಕ್ಕದಲ್ಲೇ ಓದುತ್ತಾರೆ. ಮಲೆನಾಡಿನ ಅಡಿಕೆ ಬೆಳೆಗಾರರು ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಹೊಡೆಸಲು ಮಳೆಗಾಲದ ನಡುವೆ ಒಂದು ಬಿಡುವಿನ ದಿನಕ್ಕಾಗಿ ಕಾಯುತ್ತಾರೆ. ಮರ ಹತ್ತುವವರು ಸಿಗುವುದೇ ಅಪರೂಪ. ಬೆಳಿಗ್ಗೆ ಹೊಡೆದ ಮದ್ದು ಒಣಗುವ ಮೊದಲೇ ತೊಳೆದುಹೋದರೆ ಕೂಲಿಯೂ ಹೋಯಿತು, ಮದ್ದೂ ಹೋಯಿತು. ಶೇ 30ರ ದಿನ ಅವರು ಧೈರ್ಯ ಮಾಡಿಯಾರು, ಶೇ 80ರ ದಿನ ಖಂಡಿತ ಮಾಡಲಿಕ್ಕಿಲ್ಲ. ಈಗ ಎರಡೂ ದಿನ ಅವರ ಕೈಗೆ ಸಿಗುವುದು ‘ಮಳೆ ಸಾಧ್ಯತೆ’ ಎಂಬ ಒಂದೇ ಸಾಲು.